ದಿವಾಳಿಯ ಅನಂತರದ ಓದು: ಕಡತದಿಂದ ಕರಾರುಪತ್ರದವರೆಗೆ

ವ್ಯವಹಾರ ಕೆಟ್ಟು ಕೈಚೆಲ್ಲಿ ಕುಳಿತವನನ್ನು ಕುರಿತು ಗಡಿನಾಡಿನ ಜನ ಆಡುವ ಮಾತುಗಳು ಮೂರು. 'ದಿವಾಳಿ ಎದ್ದ' ಎಂಬುದು ಒಂದು, 'ಪಾಪರ್ ಆದ' ಎಂಬುದು ಮತ್ತೊಂದು, 'ಐ.ಪಿ. ಹಾಕಿದ' ಎಂಬುದು ಮೂರನೆಯದು. ಈ ಮೂರರ ಹಿಂದೆಯೂ ಬೇರೆ ಬೇರೆ ಚರಿತ್ರೆಯಿದೆ. ದಿವಾಳಿ ಎಂಬುದು ಉತ್ತರದ ವರ್ತಕರ ಪೇಟೆಯಿಂದ ಬಂದ ಪದ. ಸಾಲ ತೀರಿಸಲಾಗದ ವರ್ತಕನು ಹಗಲಿನಲ್ಲಿಯೇ ಅಂಗಡಿಯ ಮುಂದೆ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಸಾರುತ್ತಿದ್ದನೆಂದು ಅದಕ್ಕೊಂದು ಕಥೆಯನ್ನೂ ಹೇಳುವುದುಂಟು. ಪಾಪರ್ ಎಂಬುದು ಇಂಗ್ಲಿಷರ ನ್ಯಾಯಾಲಯದ ಮಾತು. ಕೋರ್ಟು ಶುಲ್ಕ ಕೊಡಲು ಶಕ್ತಿಯಿಲ್ಲದೆ ದಾವೆ ಹೂಡುವವನನ್ನು ಸಿವಿಲ್ ಪ್ರಕ್ರಿಯಾ ಸಂಹಿತೆ 1976ರ ತಿದ್ದುಪಡಿಯವರೆಗೂ ಆ ಹೆಸರಿನಿಂದಲೇ ಕರೆಯುತ್ತಿತ್ತು. ಐ.ಪಿ. ಎಂಬುದು 'ಇನ್ಸಾಲ್ವೆನ್ಸಿ ಪಿಟಿಷನ್' ಎಂಬುದರ ಮೊದಲಕ್ಷರಗಳು, ಅಂದರೆ ದಿವಾಳಿ ಅರ್ಜಿ. ಇಂಗ್ಲಿಷಿನ ಒಂದಕ್ಷರವನ್ನೂ ಓದದವರ ಬಾಯಲ್ಲಿಯೂ ಈ ಎರಡಕ್ಷರ ಸಲೀಸಾಗಿ ಓಡಾಡುತ್ತದೆ.

ಸಾಲ, ಕಡ, ಒತ್ತೆ, ಬಡ್ಡಿ, ಗಂಟು ಮುಂತಾಗಿ ಸಾಲದ ವ್ಯವಹಾರಕ್ಕೆ ಕನ್ನಡದಲ್ಲಿ ಬಳಕೆಯ ಪದಗಳಿಗೆ ಬರವಿಲ್ಲ. ಆದರೆ ಸಾಲದ ಕೊನೆಯ ಮೆಟ್ಟಿಲನ್ನು ಹೆಸರಿಸುವಾಗ ಮಾತ್ರ ಜನ ಪೇಟೆಯ ಮತ್ತು ನ್ಯಾಯಾಲಯದ ಪದಗಳನ್ನು ಕಡ ತಂದಿದ್ದಾರೆ. ಆ ಪದಗಳು ಪರಿಚಿತವಾದರೂ ಅವುಗಳ ಹಿಂದಿರುವ ಕಾಗದಪತ್ರಗಳ ಅರ್ಥ ಅಪರಿಚಿತವಾಗಿಯೇ ಉಳಿದಿದೆ. ಎಲ್ಲವನ್ನೂ ಕಳೆದುಕೊಂಡ ಮೇಲೆ ಹಣದ ವಿಷಯವನ್ನು ಓದಿ ಕಲಿಯುವುದರಿಂದ ಪ್ರಯೋಜನವುಂಟೇ, ಉಂಟಾದರೆ ಏನನ್ನು ಓದಬೇಕು, ಯಾವ ಕ್ರಮದಲ್ಲಿ ಓದಬೇಕು ಎಂಬುದು ಈ ಲೇಖನದ ವಿಷಯ.

ಬೊಮ್ಮನಹಾಳ್: ಮಳೆ, ಮರಳು, ಕಾಗದ

ಬೊಮ್ಮನಹಾಳ್ ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಒಂದು ಮಂಡಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಬಳ್ಳಾರಿಯು ಮೈಸೂರಿಗೆ ಬಂದಿತು. ರಾಯದುರ್ಗ ಸೀಮೆಯ ಈ ಪ್ರದೇಶದಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಹೇರಳವಾಗಿವೆ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಸಂತೆಯ ವ್ಯವಹಾರ ಬಳ್ಳಾರಿಯ ಕಡೆಗೆ, ಕಚೇರಿಯ ವ್ಯವಹಾರ ರಾಯದುರ್ಗ ಮತ್ತು ಅನಂತಪುರಗಳ ಕಡೆಗೆ.

ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಆ ಮಳೆಯೂ ವರ್ಷದಿಂದ ವರ್ಷಕ್ಕೆ ಒಂದೇ ತೆರನಾಗಿ ಬರುವುದಿಲ್ಲ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯು ಈ ಸೀಮೆಯನ್ನು ಹಾದುಹೋಗುವುದರಿಂದ ಕೆಲವು ಹೊಲಗಳಿಗೆ ನೀರುಂಟು. ಉಳಿದವು ಮುಗಿಲನ್ನೋ ಕೊಳವೆಬಾವಿಯನ್ನೋ ನಂಬಿವೆ. ವೇದಾವತಿ, ಅಂದರೆ ಹಗರಿಯ ಬಯಲಿನಲ್ಲಿ ಗಾಳಿಗೆ ಸರಿದಾಡುವ ಮರಳ ದಿಬ್ಬಗಳಿದ್ದು, ದರ್ಗಾ ಹೊನ್ನೂರಿನ ಸುತ್ತಮುತ್ತ ಮರಳು ಹೊಲಗಳಿಗೆ ನುಗ್ಗುವುದು ಬಹುಕಾಲದ ಸಮಸ್ಯೆ. ಇಂತಹ ನೆಲದಲ್ಲಿ ಶೇಂಗಾ ಬಿತ್ತುವವನು ಬೀಜ, ಗೊಬ್ಬರ, ಕೂಲಿಗೆ ಮೊದಲೇ ಹಣ ಹಾಕಬೇಕು. ಆ ಹಣ ಮರಳುವುದೋ ಇಲ್ಲವೋ ತಿಳಿಯುವುದು ತಿಂಗಳುಗಳ ಅನಂತರ. ಅವನಿಗೆ ಗೊಬ್ಬರವನ್ನು ಉದ್ರಿ ಕೊಟ್ಟ ಅಂಗಡಿಯವನೂ ಮೇಲಿನ ವರ್ತಕನಿಗೆ ಸಾಲಗಾರನೇ. ಒಂದು ಮಳೆ ತಪ್ಪಿದರೆ ಹೊಲದಿಂದ ಪೇಟೆಯವರೆಗಿನ ಇಡೀ ಸರಪಳಿ ಎಳೆಯಲ್ಪಡುತ್ತದೆ.

ಇದರೊಂದಿಗೆ ಗಡಿನಾಡಿಗೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಓದು ಬರಹ ಕಲಿತವನ ಜಮೀನಿನ ಅಡಂಗಲ್ ತೆಲುಗಿನಲ್ಲಿರುತ್ತದೆ. ಸಾಲದ ಕರಾರುಪತ್ರ ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಇರುತ್ತದೆ. ತೆಲುಗನ್ನು ಸರಾಗವಾಗಿ ಮಾತನಾಡುವವನೂ ಅದರ ಕಾನೂನಿನ ಬರಹವನ್ನು ಓದಬಲ್ಲನೆಂದು ಹೇಳಲಾಗದು. ಹೀಗಾಗಿ ಅಕ್ಷರಸ್ಥನಾಗಿದ್ದೂ ತನ್ನ ಸಾಲದ ಮಟ್ಟಿಗೆ ಅನಕ್ಷರಸ್ಥನಾಗಿ ಉಳಿಯುವ ಸ್ಥಿತಿ ಇಲ್ಲಿ ಒದಗುತ್ತದೆ. ಹಣಕಾಸಿನ ತಿಳಿವಳಿಕೆಯು ಇಲ್ಲಿ ಭಾಷೆಯ ಪ್ರಶ್ನೆಯೂ ಆಗಿರುವುದು ಈ ಕಾರಣದಿಂದ.

ಕಾನೂನು ಕೇಳುವ ಪುಸ್ತಕ

ದಿವಾಳಿಯನ್ನು ಜನ ಅವಮಾನವೆಂದು ಬಗೆಯುತ್ತಾರೆ. ಕಾನೂನು ಅದನ್ನು ಒಂದು ವಿಧಾನವೆಂದು ಬಗೆಯುತ್ತದೆ. ಮದರಾಸಿನ ಆರ್ಬತ್‌ನಾಟ್ ಕಂಪನಿ 1906ರ ಅಕ್ಟೋಬರಿನಲ್ಲಿ ಕುಸಿದುಬಿದ್ದಾಗ ಮದರಾಸು ಪ್ರಾಂತದ ಸಾವಿರಾರು ಠೇವಣಿದಾರರು ಹಣ ಕಳೆದುಕೊಂಡರು. ರಾಯದುರ್ಗವೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಮೂರು ವರ್ಷಗಳ ಅನಂತರ, 1909ರಲ್ಲಿ, ಮದರಾಸು, ಮುಂಬಯಿ, ಕಲಕತ್ತೆಗಳಿಗಾಗಿ ಒಂದು ದಿವಾಳಿ ಕಾಯಿದೆಯೂ, 1920ರಲ್ಲಿ ಉಳಿದ ಜಿಲ್ಲೆಗಳಿಗಾಗಿ ಪ್ರಾಂತೀಯ ದಿವಾಳಿ ಕಾಯಿದೆಯೂ ಬಂದವು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಜಾರಿಗೆ ಬಂದರೂ ಅದರಲ್ಲಿ ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ, ಅನ್ವಯವಾಗಿದೆ. ಆದ್ದರಿಂದ ಜಿಲ್ಲೆಯ ಒಬ್ಬ ರೈತನಿಗೂ ಅಂಗಡಿಯವನಿಗೂ 1920ರ ಕಾಯಿದೆಯೇ ಇಂದಿಗೂ ಆಧಾರ.

ಈ ಕಾಯಿದೆಯ ಕ್ರಮ ಹೀಗಿದೆ. ಸಾಲ ತೀರಿಸಲಾಗದವನು ತಾನೇ ಅರ್ಜಿ ಹಾಕಬಹುದು, ಸಾಲ ಕೊಟ್ಟವರೂ ಹಾಕಬಹುದು. ನ್ಯಾಯಾಲಯ ಅವನನ್ನು ದಿವಾಳಿಯೆಂದು ಘೋಷಿಸಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ ಸಾಲಗಾರರಲ್ಲಿ ಹಂಚಿಕೆಯಾಗುತ್ತದೆ. ಆದರೆ ಎಲ್ಲವೂ ಹೋಗುವುದಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಬೇಸಾಯಕ್ಕೆ ಅವಶ್ಯವಾದ ಎತ್ತು, ಬಿತ್ತನೆಯ ಕಾಳು, ಅವನು ವಾಸವಾಗಿರುವ ಮನೆ ಇವುಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಹೊರಗಿಡುತ್ತದೆ. ಒತ್ತೆಯಿಟ್ಟ ಆಸ್ತಿಯ ಮೇಲಿನ ಹಕ್ಕು ಮಾತ್ರ ಒತ್ತೆ ಹಿಡಿದವನಿಗೇ ಉಳಿಯುತ್ತದೆ.

ಇಲ್ಲಿ ಒಂದು ಕುತೂಹಲದ ಅಂಶವಿದೆ. ಸಾಮಾನ್ಯ ಜಪ್ತಿಯಲ್ಲಿ ಲೆಕ್ಕದ ಪುಸ್ತಕಗಳನ್ನು ಮುಟ್ಟುವಂತಿಲ್ಲ. ದಿವಾಳಿಯಲ್ಲಿ ಆ ರಕ್ಷಣೆ ಅವುಗಳಿಗಿಲ್ಲ, ಅವನ್ನು ನ್ಯಾಯಾಲಯಕ್ಕೆ ಒಪ್ಪಿಸಲೇಬೇಕು. ಮುಂದೆ ಋಣಮುಕ್ತಿಯ ಆಜ್ಞೆಯನ್ನು ಕೇಳಿದಾಗ ನ್ಯಾಯಾಲಯ ಪರಿಶೀಲಿಸುವ ಸಂಗತಿಗಳಲ್ಲಿ ಜೂಜು, ದುಂದುವೆಚ್ಚ, ದುಡುಕಿನ ವ್ಯಾಪಾರಗಳ ಜೊತೆಗೆ ಇದೂ ಒಂದು: ದಿವಾಳಿಗೆ ಹಿಂದಿನ ಮೂರು ವರ್ಷಗಳಲ್ಲಿ ಅವನು ತನ್ನ ವ್ಯವಹಾರಕ್ಕೆ ತಕ್ಕ ಲೆಕ್ಕದ ಪುಸ್ತಕಗಳನ್ನು ಇಟ್ಟಿದ್ದನೇ? ಇಟ್ಟಿಲ್ಲವೆಂದು ಸಿದ್ಧವಾದರೆ ಷರತ್ತಿಲ್ಲದ ಬಿಡುಗಡೆ ಸಿಗುವುದಿಲ್ಲ. ಬಿಡುಗಡೆ ಪಡೆಯದ ದಿವಾಳಿಯು ತನ್ನ ಸ್ಥಿತಿಯನ್ನು ತಿಳಿಸದೆ ಐವತ್ತು ರೂಪಾಯಿ ಸಾಲ ಪಡೆದರೂ ಅದು ಶಿಕ್ಷಾರ್ಹ; ಅವನು ಶಾಸನಸಭೆಯ ಸದಸ್ಯನಾಗಲು ಸಂವಿಧಾನದ ಪ್ರಕಾರ ಅನರ್ಹ. ಬಿಡುಗಡೆ ದೊರೆತರೂ ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ ಮುಂತಾದವು ಉಳಿಯುತ್ತವೆ. ಅವನಿಗಾಗಿ ಜಾಮೀನು ನಿಂತವನಿಗೂ ಬಿಡುಗಡೆಯಿಲ್ಲ. ಕೆಟ್ಟುಹೋದ ವ್ಯವಹಾರದಲ್ಲಿ ನ್ಯಾಯಾಲಯ ಮೊದಲು ತೆರೆದು ನೋಡುವುದು ಲೆಕ್ಕದ ಪುಸ್ತಕವನ್ನು. ದಿವಾಳಿಯ ಅನಂತರದ ಓದು ಪ್ರಾರಂಭವಾಗಬೇಕಾದದ್ದೂ ಅಲ್ಲಿಂದಲೇ.

ಕನ್ನಡ ನಾಡಿನ ಲೆಕ್ಕದ ಪರಂಪರೆ

ಹಣದ ಓದು ಹೊರಗಿನಿಂದ ಬಂದ ಹೊಸ ವಿದ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಮಿಶ್ರಕ ವ್ಯವಹಾರದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳು ವಿಸ್ತಾರವಾಗಿ ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರ ಗಣಿತ'ವನ್ನು ಬರೆದನು. ನಿತ್ಯದ ವ್ಯವಹಾರಕ್ಕೆ ಬೇಕಾದ ಲೆಕ್ಕವನ್ನು ಜನರ ನುಡಿಯಲ್ಲಿ ತಿಳಿಸಬೇಕೆಂಬ ಹಂಬಲಕ್ಕೆ ಕನ್ನಡದಲ್ಲಿ ಎಂಟುನೂರು ವರ್ಷಗಳಿಗೂ ಮೀರಿದ ವಯಸ್ಸಾಗಿದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವೂ ಸಾಲದ ವಿಷಯವನ್ನು ವಿವರವಾಗಿ ಚರ್ಚಿಸುತ್ತದೆ. ಒತ್ತೆಯಿರುವ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿಯೆಂದು ಸ್ಮೃತಿ ವಿಧಿಸಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ನೂರಕ್ಕೆ ಒಂದೂಕಾಲು ರೂಪಾಯಿ, ವರ್ಷಕ್ಕೆ ಶೇಕಡ 15. ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ಕೊಂದು ದರವನ್ನು ಹೇಳುವ ಅದೇ ಸ್ಮೃತಿಯನ್ನು ಇಂದು ಆದರ್ಶವೆಂದು ಎತ್ತಿಹಿಡಿಯುವಂತಿಲ್ಲ. ಆದರೆ ಬಡ್ಡಿ ಬೆಳೆಯುವುದಕ್ಕೆ ಒಂದು ಮೇರೆ ಇರಬೇಕೆಂಬ ತತ್ತ್ವ ಅದರಲ್ಲಿದೆ: ಹೊನ್ನಿನ ಸಾಲ ಇಮ್ಮಡಿಗಿಂತ ಹೆಚ್ಚು ಬೆಳೆಯಬಾರದು. 'ದಾಮ್‌ದುಪ್ಪಟ್' ಎಂದು ಹೆಸರಾದ ಈ ತತ್ತ್ವದ ಛಾಯೆಯನ್ನು 1938ರ ಮದರಾಸು ಕೃಷಿಕರ ಪರಿಹಾರ ಕಾಯಿದೆಯಲ್ಲಿಯೂ ಕಾಣಬಹುದು. ಅಸಲಿನ ಎರಡರಷ್ಟನ್ನು ಈಗಾಗಲೇ ಕಟ್ಟಿದ್ದ ರೈತನ ಹಳೆಯ ಸಾಲ ಪೂರ್ತಿ ತೀರಿತೆಂದು ಅದು ಸಾರಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕಿಗೂ ಆ ಕಾಯಿದೆ ಅನ್ವಯಿಸುತ್ತಿತ್ತು.

ಲೆಕ್ಕ ಬರೆಯುವ ಸಾಧನವೂ ಇಲ್ಲಿಯದೇ ಆಗಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಕನ್ನಡ ನಾಡಿನ ವರ್ತಕರು ಶತಮಾನಗಳ ಕಾಲ ಲೆಕ್ಕ ಬರೆದದ್ದು ಇದರಲ್ಲಿ. ಇಂದು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಮನೆಯ ಕಡತ ಮರೆಯಾಗಿ ಕಚೇರಿಯ ಕಡತ ಉಳಿದಿದೆ. ಪದದ ಅರ್ಥ ಬದಲಾದ ಈ ದಾರಿಯಲ್ಲಿಯೇ ಲೆಕ್ಕವು ಜನರ ಕೈಯಿಂದ ಕಚೇರಿಯ ಕೈಗೆ ಸರಿದುಹೋದ ಕಥೆಯೂ ಅಡಗಿದೆ.

ಮೊದಲ ಓದು: ತನ್ನದೇ ಲೆಕ್ಕ

ಸಾಲದಿಂದ ನೆಲಕಚ್ಚಿದವನಿಗೆ ಮೊದಲ ಪಠ್ಯ ಅವನ ಸ್ವಂತ ಲೆಕ್ಕವೇ. ಇದು ಎಲ್ಲಕ್ಕಿಂತ ಕಠಿಣವಾದ ಓದು. ಸಾಲದ ಮೊತ್ತವನ್ನು ಒಟ್ಟಿಗೆ ಕೂಡಿಸಿ ನೋಡಲು ಮನಸ್ಸು ಹಿಂಜರಿಯುತ್ತದೆ. ಬಂದ ಚೀಟಿಗಳು ಒಡೆಯದೆ ಗೂಡಿನಲ್ಲಿ ಉಳಿಯುತ್ತವೆ. ಆದರೂ ಒಂದು ಹಾಳೆಯ ಮೇಲೆ ಐದು ಅಂಕಣಗಳನ್ನು ಎಳೆದು ಯಾರಿಗೆ, ಎಷ್ಟು ಅಸಲು, ಎಷ್ಟು ದರ, ಏನು ಒತ್ತೆ, ಯಾವಾಗ ಕಟ್ಟಬೇಕು ಎಂಬುದನ್ನು ತುಂಬದೆ ಮುಂದಿನ ಯಾವ ಓದೂ ಫಲಿಸದು.

ಉದಾಹರಣೆಗೆ, ಊಹೆಯ ಒಬ್ಬ ರೈತನನ್ನು ತೆಗೆದುಕೊಳ್ಳಬಹುದು. ಬ್ಯಾಂಕಿನ ಬೆಳೆಸಾಲ 1,00,000 ರೂಪಾಯಿ, ದರ ವರ್ಷಕ್ಕೆ ಶೇಕಡ 7. ಒಡವೆಯ ಮೇಲಿನ ಸಾಲ 80,000 ರೂಪಾಯಿ, ಶೇಕಡ 12. ಊರಿನ ಸಾಹುಕಾರನಿಗೆ ಬರೆದುಕೊಟ್ಟ ನೋಟು 1,50,000 ರೂಪಾಯಿ, ಮೂರು ರೂಪಾಯಿ ಬಡ್ಡಿ. ಬ್ಯಾಂಕು ವರ್ಷದ ಲೆಕ್ಕದಲ್ಲಿ ಶೇಕಡ ಏಳೆನ್ನುತ್ತದೆ, ಊರು ತಿಂಗಳ ಲೆಕ್ಕದಲ್ಲಿ ಮೂರೆನ್ನುತ್ತದೆ. ಕಿವಿಗೆ ಏಳಕ್ಕಿಂತ ಮೂರು ಚಿಕ್ಕದು. ಎರಡನ್ನೂ ಒಂದೇ ಅಳತೆಗೆ ತಂದರೆ ಆ ಮೂರು ರೂಪಾಯಿ ವರ್ಷಕ್ಕೆ ಶೇಕಡ 36 ಆಗುತ್ತದೆ. ಆಗ ಬೆಳೆಸಾಲದ ಬಡ್ಡಿ 7,000, ಒಡವೆ ಸಾಲದ್ದು 9,600, ನೋಟಿನದು 54,000. ಒಟ್ಟು 70,600 ರೂಪಾಯಿ. ಅಸಲಿನಲ್ಲಿ ಅರ್ಧಕ್ಕಿಂತ ಕಡಿಮೆಯಿರುವ ನೋಟು ಬಡ್ಡಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ನುಂಗುತ್ತಿದೆ. ಈ ಸಂಗತಿ ಹಾಳೆಯ ಮೇಲೆ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಬಾಗಿಲಿಗೆ ಬಂದು ಗದ್ದಲ ಮಾಡಿದವನಿಗೆ ಮೊದಲು ಕೊಡುವುದು ಲೋಕರೂಢಿ. ಯಾವ ಸಾಲ ಬೇಗ ಬೆಳೆಯುತ್ತಿದೆ, ಯಾವುದಕ್ಕೆ ಕಳೆದುಕೊಳ್ಳಲಾಗದ ವಸ್ತು ಒತ್ತೆಯಾಗಿದೆ ಎಂಬುದನ್ನು ನೋಡಿ ಕೊಡುವುದು ಲೆಕ್ಕದ ರೀತಿ.

ಎರಡನೆಯ ಪಾಠ ಚಕ್ರಬಡ್ಡಿಯದು. ವರ್ಷದ ಕೊನೆಗೆ ಬಡ್ಡಿ ಕಟ್ಟಲಾಗದೆ ಹಳೆಯ ನೋಟನ್ನು ಹರಿದು ಹೊಸದನ್ನು ಬರೆದುಕೊಟ್ಟಾಗ ಬಡ್ಡಿಯೂ ಅಸಲಾಗುತ್ತದೆ. ಮೇಲಿನ 1,50,000 ರೂಪಾಯಿ ಹೀಗೆ ಮೊದಲ ವರ್ಷ 2,04,000, ಎರಡನೆಯ ವರ್ಷ 2,77,440, ಮೂರನೆಯ ವರ್ಷ 3,77,318 ರೂಪಾಯಿ ಆಗುತ್ತದೆ. ನೋಟನ್ನು ತಿರುಗಿ ಬರೆಯದೆ ಸರಳಬಡ್ಡಿಯಲ್ಲಿಯೇ ನಿಂತಿದ್ದರೆ ಅದು 3,12,000 ಆಗುತ್ತಿತ್ತು. ಎರಡು ಬಾರಿ ಹೊಸ ಕಾಗದಕ್ಕೆ ಸಹಿ ಹಾಕಿದ್ದರ ಬೆಲೆ 65,000 ರೂಪಾಯಿಗೂ ಮಿಕ್ಕಿದ್ದು. ಸಾಲ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯಲು ಸುಲಭವಾದ ಒಂದು ಸೂತ್ರವಿದೆ: 72ನ್ನು ವಾರ್ಷಿಕ ದರದಿಂದ ಭಾಗಿಸಿದರೆ ವರ್ಷಗಳ ಸಂಖ್ಯೆ ಸ್ಥೂಲವಾಗಿ ದೊರೆಯುತ್ತದೆ. ಶೇಕಡ 36ಕ್ಕೆ ಸುಮಾರು ಎರಡು ವರ್ಷ, 24ಕ್ಕೆ ಮೂರು, 12ಕ್ಕೆ ಆರು. ಸಾಲ ತರುವಾಗಿನ ಹಿತವನ್ನೂ ತೀರಿಸುವಾಗಿನ ನೋವನ್ನೂ ಸರ್ವಜ್ಞನು ಒಂದೇ ತ್ರಿಪದಿಯಲ್ಲಿ ಹಿಡಿದಿಟ್ಟಿದ್ದಾನೆ. ಆ ನೋವು ಎಷ್ಟು ವೇಗವಾಗಿ ಬೆಳೆಯುತ್ತದೆಂಬುದನ್ನು ಈ ಭಾಗಾಕಾರ ತೋರಿಸುತ್ತದೆ.

ಎರಡನೆಯ ಓದು: ಸಹಿ ಹಾಕುವ ಕಾಗದ

ಲೆಕ್ಕದ ಅನಂತರ ಓದಬೇಕಾದದ್ದು ಕಾಗದಪತ್ರಗಳನ್ನು. ಊರಿನ ಸಾಲದಲ್ಲಿ ಪ್ರಾಮಿಸರಿ ನೋಟಿನ ಪಾತ್ರ ದೊಡ್ಡದು. ಅದರ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯುಂಟು. ಅವಧಿಯೊಳಗೆ ಸಾಲವನ್ನು ಒಪ್ಪಿ ಬರೆದುಕೊಟ್ಟರೆ ಅಥವಾ ಸ್ವಲ್ಪ ಹಣ ಕಟ್ಟಿ ನೋಟಿನ ಬೆನ್ನಿಗೆ ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸ ಅವಧಿ ಪ್ರಾರಂಭವಾಗುತ್ತದೆ. ತುಂಬದೆ ಬಿಟ್ಟ ಸ್ಟಾಂಪು ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ, ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೇ ಕೊಟ್ಟಂತೆಂದು 1881ರ ನೆಗೋಷಿಯಬಲ್ ಇನ್ಸ್‌ಟ್ರುಮೆಂಟ್ಸ್ ಕಾಯಿದೆಯ 20ನೆಯ ಕಲಮು ಹೇಳುತ್ತದೆ. ನಂಬಿಕೆಯ ಮೇಲೆ ಹಾಕುವ ಸಹಿ ಕಾನೂನಿನ ಕಣ್ಣಿಗೆ ಎಂತಹ ಭಾರದ್ದೆಂಬುದು ಇದರಿಂದ ಸ್ಪಷ್ಟ.

ಜಾಮೀನಿನ ಮಾತೂ ಹೀಗೆಯೇ. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಮೊದಲು ಕೇಳಿ, ಆಮೇಲೆ ನನ್ನನ್ನು ಕೇಳಿ ಎನ್ನುವ ಹಕ್ಕು ಅವನಿಗೆ ಸಹಜವಾಗಿ ಇರುವುದಿಲ್ಲ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯಲ್ಲಿ ನಡುವೆ ನಿಂತು ಸಹಿ ಹಾಕಿದವನಿಗೆ ಸ್ಥಾನವಿಲ್ಲ. ವ್ಯವಹಾರದಲ್ಲಿ ಅನೇಕ ವೇಳೆ ಮುಳುಗುವವನು ಅವನೇ.

ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲದ ವಿಷಯದಲ್ಲಿ ಈಚೆಗೆ ಒಂದು ಅನುಕೂಲವಾಗಿದೆ. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಹೊಸ ಅವಧಿಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಬಡ್ಡಿ, ಶುಲ್ಕಗಳೆಲ್ಲ ಸೇರಿ ವಾರ್ಷಿಕವಾಗಿ ಬೀಳುವ ಒಟ್ಟು ದರ ಎಷ್ಟೆಂದು ಅದರಲ್ಲಿರಬೇಕು; ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಈ ಕೊನೆಯ ಮಾತು ಬೊಮ್ಮನಹಾಳಿನಂತಹ ಊರಿಗೆ ಅತ್ಯಂತ ಮುಖ್ಯವಾದದ್ದು. ರಾಜ್ಯದ ಆಡಳಿತ ಭಾಷೆ ಯಾವುದೇ ಇರಲಿ, ಕನ್ನಡ ಮಾತ್ರ ಓದಬಲ್ಲವನು ಈ ಪತ್ರವನ್ನು ಕನ್ನಡದಲ್ಲಿ ಕೇಳಲು ಆಧಾರವುಂಟು. ವಸೂಲಿಗೆ ನೇಮಕವಾದವರು ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ಅನಂತರ ಸಾಲಗಾರನಿಗೆ ಕರೆ ಮಾಡಬಾರದೆಂದೂ ರಿಸರ್ವ್ ಬ್ಯಾಂಕು 2022ರಲ್ಲಿ ಸೂಚಿಸಿದೆ. ಸಾಲಮಾಹಿತಿ ಸಂಸ್ಥೆಗಳಿಂದ ತನ್ನ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಹಕ್ಕೂ ಪ್ರತಿಯೊಬ್ಬನಿಗಿದೆ. ತೀರಿದ ಸಾಲ ತೀರಿತೆಂದು ದಾಖಲಾಗಿದೆಯೇ ಎಂಬುದನ್ನು ಅದರಲ್ಲಿ ನೋಡಬೇಕು.

ಮೂರನೆಯ ಓದು: ಗ್ರಂಥಗಳು

ಪುಸ್ತಕಗಳ ಸರದಿ ಇದಾದ ಮೇಲಿನದು. ಹಣಕಾಸಿನ ಅನೇಕ ಹೆಸರಾಂತ ಬರಹಗಳ ಹಿಂದೆ ನಷ್ಟದ ಅನುಭವವಿರುವುದು ಗಮನಾರ್ಹ. ಬೆಂಜಮಿನ್ ಗ್ರಹಾಮ್ ಬಾಲಕನಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಷೇರುಪೇಟೆಯಲ್ಲಿ ಹಾಕಿದ್ದ ಹಣ 1907ರ ಕುಸಿತದಲ್ಲಿ ಕರಗಿತು. ಮುಂದೆ 1929ರ ಮಹಾಕುಸಿತದಲ್ಲಿ ಅವನೂ ಭಾರಿ ನಷ್ಟ ಅನುಭವಿಸಿದನು. ಅದರ ಅನಂತರ ಬಂದ ಅವನ ಗ್ರಂಥಗಳು, 1934ರ 'ಸೆಕ್ಯುರಿಟಿ ಅನಾಲಿಸಿಸ್' ಮತ್ತು 1949ರ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್', ಲಾಭಕ್ಕಿಂತ ಮೊದಲು ಅಸಲಿನ ಸುರಕ್ಷತೆಯನ್ನು ಕುರಿತು ಚಿಂತಿಸುತ್ತವೆ. ಮಾರ್ಕ್ ಟ್ವೇನನ ಪ್ರಕಾಶನ ಸಂಸ್ಥೆ 1894ರಲ್ಲಿ ಮುಳುಗಿತು. ಅವನು ದೇಶದೇಶಗಳನ್ನು ಸುತ್ತಿ, 1896ರಲ್ಲಿ ಭಾರತಕ್ಕೂ ಬಂದು, ಉಪನ್ಯಾಸಗಳ ಸಂಪಾದನೆಯಿಂದ 1898ರ ಹೊತ್ತಿಗೆ ಸಾಲವನ್ನು ಪೂರ್ತಿ ತೀರಿಸಿದನು.

ಆದರೆ ಇಂತಹ ಪುಸ್ತಕಗಳನ್ನು ಓದುವಾಗ ಒಂದು ವಿವೇಚನೆ ಬೇಕು. ಅವು ಬಹುಮಟ್ಟಿಗೆ ತಿಂಗಳ ಸಂಬಳದವರನ್ನು ಉದ್ದೇಶಿಸಿ ಬರೆದವು. ಜಾರ್ಜ್ ಕ್ಲಾಸನ್ನನ 1926ರ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್' ಗಳಿಸಿದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲೇ ತೆಗೆದಿಡಲು ಹೇಳುತ್ತದೆ. ರಾಯದುರ್ಗ ಸೀಮೆಯ ಒಣಬೇಸಾಯಗಾರನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ. ಕೆಲವು ವರ್ಷ ಬರುವುದೇ ಇಲ್ಲ. ಅವನು ಈ ಮಾತನ್ನು ತನ್ನ ಕಾಲಮಾನಕ್ಕೆ ಒಗ್ಗಿಸಿಕೊಳ್ಳಬೇಕು: ಸುಗ್ಗಿಯ ದಿನ ಮುಂದಿನ ಬಿತ್ತನೆಯ ಬೀಜದ ಹಣವನ್ನೂ, ಮಳೆ ತಪ್ಪಿದರೆ ಮನೆ ನಡೆಯಲು ಬೇಕಾದ ಕಾಳನ್ನೂ ಮೊದಲು ತೆಗೆದಿರಿಸುವುದು. ಬೀಜದ ಕಾಳನ್ನು ಉಣ್ಣಬಾರದೆಂದು ಬಲ್ಲ ರೈತನಿಗೆ ಈ ತತ್ತ್ವ ಹೊಸದಲ್ಲ. ಕಾಳಿನ ವಿಷಯದಲ್ಲಿ ಇರುವ ಕಟ್ಟುನಿಟ್ಟು ಹಣದ ವಿಷಯಕ್ಕೂ ಬರಬೇಕಾಗಿದೆ. ಬೇಗನೆ ಶ್ರೀಮಂತರಾಗುವ ದಾರಿಯನ್ನು ಬಣ್ಣಿಸುವ ಪುಸ್ತಕಗಳು ನಷ್ಟದಿಂದ ಕಂಗೆಟ್ಟವನಿಗೆ ವಿಶೇಷ ಅಪಾಯಕಾರಿ. ಕಳೆದದ್ದನ್ನು ಒಂದೇ ಏಟಿಗೆ ಮರಳಿ ಪಡೆಯುವ ಆಸೆ ಅವನಲ್ಲಿ ಮೊದಲೇ ಇರುತ್ತದೆ.

ಬೆಲೆಯಿಲ್ಲದೆ ದೊರೆಯುವ ಓದೂ ಇದೆ. ರಿಸರ್ವ್ ಬ್ಯಾಂಕು ಜನರ ಹಣಕಾಸು ತಿಳಿವಳಿಕೆಗಾಗಿ ಚಿತ್ರಕಥೆಗಳನ್ನೂ ಕಿರುಹೊತ್ತಗೆಗಳನ್ನೂ ಭಾರತೀಯ ಭಾಷೆಗಳಲ್ಲಿ ಹೊರತಂದಿದೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. 1962ರಲ್ಲಿ 1,500 ರೂಪಾಯಿಯಿಂದ ಪ್ರಾರಂಭವಾದ ಈ ಮಿತಿ 2020ರಲ್ಲಿ 5 ಲಕ್ಷಕ್ಕೆ ಏರಿತು. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆಯೂ, ಜೀವನ ಜ್ಯೋತಿ ಯೋಜನೆಯಲ್ಲಿ 436 ರೂಪಾಯಿಗೆ 2 ಲಕ್ಷದ ಜೀವವಿಮೆಯೂ ದೊರೆಯುತ್ತವೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವನ್ನು ಸಕಾಲದಲ್ಲಿ ಮರುಪಾವತಿ ಮಾಡಿದರೆ, 3 ಲಕ್ಷ ರೂಪಾಯಿಯ ಮಿತಿಯೊಳಗೆ, ಬಡ್ಡಿ ಶೇಕಡ 4ಕ್ಕೆ ಇಳಿಯುತ್ತದೆ. ಇವೆಲ್ಲ ತಿಳಿದವನಿಗೆ ಮಾತ್ರ ಒದಗುವ ಸೌಲಭ್ಯಗಳು.

ಸಾಲ ಮತ್ತು ಮನೆ

ಅನಂತಪುರ ಜಿಲ್ಲೆ ಸಾಲದ ಭಾರಕ್ಕೆ ಸೋತ ರೈತರ ಸಾವುಗಳನ್ನು ಕಂಡಿದೆ. ಅಂತಹ ಮನೆಯಲ್ಲಿ ಉಳಿದವರನ್ನು ಮೊದಲು ಕಾಡುವ ಪ್ರಶ್ನೆ, ಆ ಸಾಲ ಇನ್ನು ಯಾರದು ಎಂಬುದು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂದು ಸ್ಮೃತಿಗಳು ಹೇಳಿದವು; ಆಗಲೂ ಕುಡಿತ, ಜೂಜುಗಳ ಸಾಲವನ್ನು ಅವು ಹೊರಗಿಟ್ಟಿದ್ದವು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಅನಂತರದ ಸಾಲಗಳ ಮಟ್ಟಿಗೆ ಈ ಧಾರ್ಮಿಕ ಹೊಣೆಯನ್ನು ಕಾನೂನಿನಿಂದ ತೆಗೆದುಹಾಕಿತು. ಈಗ ವಾರಸುದಾರರ ಹೊಣೆ ಸತ್ತವನಿಂದ ತಮಗೆ ಬಂದ ಆಸ್ತಿಯ ಮಿತಿಗೆ ಸೀಮಿತ. ತಾವೇ ಸಹಿ ಹಾಕಿರದಿದ್ದರೆ ತಮ್ಮ ದುಡಿಮೆಯಿಂದ ತೀರಿಸಬೇಕೆಂಬ ನಿರ್ಬಂಧವಿಲ್ಲ. ಈ ಒಂದು ಸಂಗತಿಯನ್ನು ಬಲ್ಲ ವಿಧವೆಯು ತೇರ ದಿನ ಮುಗಿಯುವ ಮೊದಲೇ ಬಾಗಿಲಿಗೆ ಬಂದವನ ಹೊಸ ನೋಟಿಗೆ ಸಹಿ ಹಾಕುವುದಿಲ್ಲ. ಅರಿಯದವಳು ಹಾಕಿಬಿಡುತ್ತಾಳೆ, ಆಗ ಗಂಡನ ಸಾಲ ಆಕೆಯದೇ ಆಗುತ್ತದೆ. ಓದಿಗೂ ಬದುಕಿಗೂ ಇರುವ ನಂಟು ಇಲ್ಲಿ ಕಾಣುವಷ್ಟು ನೇರವಾಗಿ ಬೇರೆಲ್ಲಿಯೂ ಕಾಣದು.

ಆದ್ದರಿಂದ ಲೆಕ್ಕದ ಹಾಳೆ ಮನೆಯ ಯಜಮಾನನ ಜೇಬಿನಲ್ಲಿ ಅಡಗಿರಬಾರದು. ಗಂಡ ಎಲ್ಲೆಲ್ಲಿ ಸಾಲ ಮಾಡಿದ್ದಾನೆಂಬುದು ಅವನು ತೀರಿಕೊಂಡ ಮೇಲೆ ಹೆಂಡತಿಗೆ ತಿಳಿಯುವ ಸ್ಥಿತಿ ಅನೇಕ ಮನೆಗಳಲ್ಲಿದೆ. ಶಾಲೆಗೆ ಹೋಗುವ ಮಗಳು ವಾರಕ್ಕೊಮ್ಮೆ ಮನೆಯ ಜಮಾಖರ್ಚನ್ನು ಕನ್ನಡದಲ್ಲಿ ಬರೆದು ಎಲ್ಲರೆದುರು ಓದಿದರೆ ಅದೇ ಒಂದು ದೊಡ್ಡ ಬದಲಾವಣೆ.

ಕನ್ನಡದ ಕೆಲಸ

ಓದು ಮಳೆಯನ್ನು ತರಿಸದು, ಶೇಂಗಾದ ಬೆಲೆಯನ್ನು ಏರಿಸದು. ಬರದಿಂದ ಕೆಟ್ಟವನನ್ನು ನೋಡಿ ಅವನಿಗೆ ಲೆಕ್ಕ ಬಾರದ್ದರಿಂದ ಕೆಟ್ಟನೆಂದು ಹೇಳುವುದು ಅನ್ಯಾಯವೂ ಆದೀತು. ಹಣಕಾಸಿನ ಜ್ಞಾನಕ್ಕೆ ಇರುವ ಶಕ್ತಿ ಸೀಮಿತವಾದದ್ದು: ಒಂದು ನಷ್ಟವು ಹತ್ತು ನಷ್ಟಗಳಾಗಿ ಬೆಳೆಯದಂತೆ ಅದು ತಡೆಯಬಲ್ಲದು, ಸಹಿ ಹಾಕುವ ಮುನ್ನ ಕೈಯನ್ನು ಒಂದು ಕ್ಷಣ ನಿಲ್ಲಿಸಬಲ್ಲದು.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಸಾಲದ ಅರ್ಜಿ, ಮುಖ್ಯಾಂಶಗಳ ಪತ್ರ, ಜಾಮೀನು ಪತ್ರ, ವಿಮೆಯ ಕಾಗದ, ಅಡಂಗಲ್ ಇವುಗಳಲ್ಲಿ ಬರುವ ತೆಲುಗು ಮತ್ತು ಇಂಗ್ಲಿಷ್ ಪದಗಳಿಗೆ ಊರಿನ ಕನ್ನಡದಲ್ಲಿ ಅರ್ಥ ಬರೆದ ಒಂದು ಕಿರುಕೋಶವನ್ನು ಸಿದ್ಧಪಡಿಸುವುದು ಒಂದು ತರಗತಿಯ ಶಕ್ತಿಗೆ ಮೀರಿದ್ದಲ್ಲ. ರಾಜಾದಿತ್ಯನ ಗಣಿತವನ್ನು ಸಾಹಿತ್ಯ ಚರಿತ್ರೆಯ ಒಂದು ಹೆಸರಾಗಿ ಪರೀಕ್ಷೆಗೆ ಓದುವವರು, ಅವನು ತನ್ನ ಕಾಲದ ಜನಕ್ಕಾಗಿ ಮಾಡಿದ ಕೆಲಸವನ್ನು ತಮ್ಮ ಕಾಲದ ಜನಕ್ಕಾಗಿ ಮುಂದುವರಿಸಿದಂತಾಗುತ್ತದೆ. ಆ ಕೋಶದ ಒಂದು ಪ್ರತಿ ಊರಿನ ವಾಚನಾಲಯದಲ್ಲಿಯೂ, ಇನ್ನೊಂದು ಸಹಕಾರಿ ಸಂಘದ ಜಗುಲಿಯಲ್ಲಿಯೂ ಇದ್ದರೆ, ಮುಂದಿನ ನೋಟಿಗೆ ಸಹಿ ಹಾಕಲು ಬಂದವನು ಅದನ್ನು ಮೊದಲು ಓದಿ ನೋಡಬಹುದು.